ಬಿಲ್ಲಿಲ್ಲದ ಅಂಗಡಿಯ ಅತ್ತಿಗೆ

ಗಿರಾಕಿಯ ಕೈಗೆ ಫೋನು ಕೊಡುವ ಮೊದಲು "ಇದನ್ನ ತಗೋಬೇಡಿ" ಎಂದು ಬುದ್ಧಿ ಹೇಳುವ ಹೆಂಗಸನ್ನು ಆ ಅಂಗಡಿಯ ಯಜಮಾನ ಯಾಕೆ ಕೆಲಸದಿಂದ ತೆಗೆಯಲಿಲ್ಲ? ಎಷ್ಟು ತಲೆ ಕೆರೆದುಕೊಂಡರೂ ಈ ಪ್ರಶ್ನೆಗೆ ಉತ್ತರ ಹೊಳೆದಿಲ್ಲ. ಹಾಗೆಂದು ವಿವರಣೆಗಳಿಗೇನೂ ಬರವಿರಲಿಲ್ಲ. ಅವನು ಮೈದುನ, ಅವರು ಅತ್ತಿಗೆ. ಅವನಿಗೆ ಮೀಸೆ ಮೂಡುವ ಮೊದಲೇ ಆ ಮನೆಗೆ ಸೊಸೆಯಾಗಿ ಬಂದವರಿಗೆ ಬಾಗಿಲು ತೋರಿಸುವ ಎದೆಗಾರಿಕೆ ಎಲ್ಲಿಂದ ಬರಬೇಕು ಎಂದು ಕೆಲವರು. ಅವರು ಬೇಡವೆಂದಷ್ಟೂ ಜನ ಬೇಕೆನ್ನುತ್ತಿದ್ದರು, ಅದೇ ವ್ಯಾಪಾರದ ಗುಟ್ಟು ಎಂದು ಮತ್ತೆ ಕೆಲವರು. ಎರಡನೆಯ ವಿವರಣೆ ಕಿವಿಗೆ ಹಿತವಾಗಿದೆ. ಆದರೆ ಕಿವಿಗೆ ಹಿತವಾಗಿರುವುದು ನಿಜವೆನ್ನುವುದಕ್ಕೆ ಪುರಾವೆಯಲ್ಲ. ಅತ್ತಿಗೆ ಇಲ್ಲದ, ಉಳಿದೆಲ್ಲ ಒಂದೇ ಆಗಿರುವ ಇನ್ನೊಂದು ಅಂಗಡಿಯನ್ನು ಪಕ್ಕದಲ್ಲಿಟ್ಟು ಯಾರೂ ಹೋಲಿಸಿ ನೋಡಿಲ್ಲ. ಮೈದುನನನ್ನೇ ಕೇಳಿದರೆ, "ಅವರನ್ನ ತೆಗೆಯೋದಾ? ಮೊದಲು ಅವರು ನನ್ನ ತೆಗೆಯದೇ ಇದ್ರೆ ಸಾಕು" ಎಂದು ನಗುತ್ತಿದ್ದ.

ಮೈದುನ ಅತ್ತಿಗೆ ಎಂದು ಕರೆಯುವುದನ್ನು ಕೇಳಿ ಪಕ್ಕದ ದರ್ಜಿ ಹಾಗೇ ಕರೆದ, ಟೀ ತರುವವನು ಕರೆದ, ಕಡೆಗೆ ಇಡೀ ಮಾರುಕಟ್ಟೆಗೇ ಅವರು ಅತ್ತಿಗೆಯಾದರು. ಅಂಗಡಿ ಇದ್ದದ್ದು ಹಳೆಯ ಮಾರುಕಟ್ಟೆ ಕಟ್ಟಡದ ಮೇಲಂತಸ್ತಿನಲ್ಲಿ. ಸವೆದ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಮೊದಲನೆಯದು. ಒಳಗೆ ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವನು ಹೊರಗೆ ಕಾಯಬೇಕು. ಗಾಜಿನ ಪೆಟ್ಟಿಗೆಯಲ್ಲಿ ಫೋನುಗಳು ಮಿಠಾಯಿಯಂತೆ ಸಾಲಾಗಿ ಮಲಗಿರುತ್ತಿದ್ದವು. ಎಲ್ಲವೂ ಹೊರದೇಶದಿಂದ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಬೆಚ್ಚಗೆ ಬಂದವು. ಸ್ವಂತ ಬಳಕೆಗೆ ಒಂದು ಫೋನು ತಂದರೆ ಕಾನೂನು ಕಣ್ಣೆತ್ತಿ ನೋಡದು. ಮಾರುವುದಕ್ಕೆಂದು ಸೂಟ್‌ಕೇಸ್ ತುಂಬ ತಂದು ಸುಂಕ ಕಟ್ಟದಿದ್ದರೆ ಮಾತ್ರ ಅದು ಕಳ್ಳಸಾಗಣೆ. ಈ ವ್ಯತ್ಯಾಸ ಮೈದುನನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡುತ್ತಿದ್ದ. ಬಿಲ್ಲು ಬರೆಯುವ ಪದ್ಧತಿಯೇ ಅಲ್ಲಿರಲಿಲ್ಲ. ಗಿರಾಕಿಯ ಹೆಸರು ಕೇಳುವುದೂ ಇರಲಿಲ್ಲ. "ಕಾಗದ ಇಲ್ಲದಿದ್ರೆ ಕಾಟ ಇಲ್ಲ" ಎನ್ನುವುದು ಅವನ ಹೆಮ್ಮೆ.

ಎದುರಿಗೆ, ಅದೇ ಅಂತಸ್ತಿನ ಅಗಲ ಓಣಿಯಾಚೆ, ಬಿಲ್ ಮಾಮನ ಅಂಗಡಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೆ "ಇಲ್ಲಿ ಪ್ರತಿಯೊಂದಕ್ಕೂ ಬಿಲ್ ಕೊಡಲಾಗುತ್ತದೆ" ಎಂಬ ಫಲಕವನ್ನು ಒದ್ದೆ ಬಟ್ಟೆಯಿಂದ ಒರೆಸುವುದೇ ಅವನ ಮೊದಲ ಕೆಲಸ. ಸುಂಕ ಕಟ್ಟಿದ ಫೋನು, ಕಂಪನಿಯ ಮುದ್ರೆ, ವರ್ಷದ ವಾರಂಟಿ. ಎಲ್ಲ ಅಚ್ಚುಕಟ್ಟು, ಗಿರಾಕಿ ಮಾತ್ರ ಕಡಿಮೆ. ಮಧ್ಯಾಹ್ನ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಗಂಡನ ಕಣ್ಣಿಗೆ ಹೆದರಿ ಅತ್ತಿಗೆಯ ಕಡೆ ತಿರುಗಿಯೂ ನೋಡದೆ ಒಳಗೆ ನುಸುಳುತ್ತಿದ್ದಳು.

ಅತ್ತಿಗೆ ಈ ವ್ಯಾಪಾರಕ್ಕೆ ಬಂದದ್ದು ಮಾರುಕಟ್ಟೆಯ ಹಿಂದಿನ ಬಸ್ ನಿಲ್ದಾಣದಿಂದ. ಬಹುಕಾಲ ಅಲ್ಲಿ ಮೈಕಿನ ಮುಂದೆ ಕುಳಿತು ಯಾವ ಬಸ್ಸು ಯಾವ ಕಡೆಗೆ ಹೊರಡುತ್ತದೆಂದು ಕೂಗಿದವರು. ಗಂಡ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ, ಮನೆಯ ಮಾತಿನ ಪಾಲನ್ನೆಲ್ಲ ಹೆಂಡತಿಗೇ ಬರೆದುಕೊಟ್ಟವನು. ಒಂದು ವರ್ಷ ನಿಲ್ದಾಣದವರು ಅತ್ತಿಗೆಯನ್ನು ತಣ್ಣಗಿನ ಕೋಣೆಯೊಂದರಲ್ಲಿ ಕೂರಿಸಿ, ಎಲ್ಲ ಊರುಗಳ ಹೆಸರನ್ನೂ ಎಲ್ಲ ಅಂಕಿಗಳನ್ನೂ ಓದಿಸಿ, ದನಿ ಮುದ್ರಿಸಿಕೊಂಡರು. ಅತ್ತಿಗೆ ಸಂಭ್ರಮದಿಂದ ಓದಿದರು. ಮುಂದಿನ ತಿಂಗಳು ಕೆಲಸ ಹೋಯಿತು. ಅವರ ಕೆಲಸವನ್ನು ಕಿತ್ತುಕೊಂಡದ್ದು ಅವರದೇ ಗಂಟಲು. "ಸವತಿ ಬಂದ್ರೂ ಬೇರೆ ಹೆಂಗಸು ಅಂತ ಬೈಬಹುದಿತ್ತು. ಇವಳನ್ನ ಏನಂತ ಬೈಯಲಿ?" ಎಂದು ಅವರು ಹೇಳುವಾಗ ಕೇಳಿದವರು ನಕ್ಕು ಸುಸ್ತಾಗುತ್ತಿದ್ದರು. ಅಂದಿನಿಂದ ಅವರು ಯಾವ ಹೊಸ ಯಂತ್ರವನ್ನೂ, ಯಾವ ಒಳ್ಳೆಯ ಸುದ್ದಿಯನ್ನೂ ತಿರುಗಿಸಿ ಮುರುಗಿಸಿ ನೋಡದೆ ಒಪ್ಪಲಿಲ್ಲ.

ಮೈದುನ ಅಂಗಡಿಗೆ ಕರೆದದ್ದು ಒಂದು ವಿಚಿತ್ರ ಕೆಲಸಕ್ಕೆ. ಕೆಲವು ಫೋನುಗಳಿಗೆ ಕಂಪನಿಯವರೇ ಒಂದು ಬೀಗ ಹಾಕಿರುತ್ತಾರೆ: ಯಾವ ದೇಶದಲ್ಲಿ ಮಾರಲೆಂದು ತಯಾರಾಯಿತೋ ಅಲ್ಲಿನ ಸಿಮ್ಮು ಹಾಕಿ ಮೊದಲು ಕೆಲವು ನಿಮಿಷ ಮಾತಾಡಬೇಕು, ಆಮೇಲೆಯೇ ಅದು ಬೇರೆ ದೇಶದ ಸಿಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮೈದುನನ ಬಳಿ ಆ ದೂರದೇಶದ ಸಿಮ್ಮೊಂದಿತ್ತು. ಹೊಸ ಪೆಟ್ಟಿಗೆ ಒಡೆದಾಗಲೆಲ್ಲ ಅತ್ತಿಗೆ ಆ ಸಿಮ್ಮನ್ನು ತೂರಿಸಿ ಆ ದೇಶದ ಯಾವುದಾದರೂ ಪುಕ್ಕಟೆ ಸಂಖ್ಯೆಗೆ ಕರೆ ಮಾಡಿ ಬೀಗ ತೆರೆಯಬೇಕು. ಅವರು ಆರಿಸಿಕೊಂಡದ್ದು ಅಲ್ಲಿನ ಹವಾಮಾನ ಇಲಾಖೆಯ ಸಂಖ್ಯೆ. ಆ ಕಡೆ ಹೆಂಗಸೊಬ್ಬಳ ಮುದ್ರಿತ ದನಿ. ಭಾಷೆ ಗೊತ್ತಿಲ್ಲ, ಆದರೂ ಅತ್ತಿಗೆ ಸುಮ್ಮನೆ ಕೂರಲಿಲ್ಲ.

"ಹೇಳಮ್ಮ, ನಿನ್ನನ್ನೂ ಹೀಗೇ ತಣ್ಣಗಿನ ಕೋಣೇಲಿ ಕೂರಿಸಿ ಓದಿಸಿದ್ರಾ? ಆಮೇಲೆ ಕಾಸು ಕೊಟ್ರಾ ಇಲ್ವಾ?"

ಆ ಹೆಂಗಸು ತನ್ನ ಪಾಡಿಗೆ ತಾನು ಗಾಳಿಯ ವೇಗ ಹೇಳುತ್ತಿದ್ದಳು. ಬರುಬರುತ್ತ ಅತ್ತಿಗೆಗೆ ಅಂಕಿಗಳು ತಿಳಿದವು, ಹಿಮಕ್ಕೆ ಏನೆನ್ನುತ್ತಾರೆ ಎಂಬುದೂ ತಿಳಿಯಿತು. ದರ್ಜಿ ಹೊಲಿಗೆ ನಿಲ್ಲಿಸಿ, "ಅತ್ತಿಗೆ, ಇವತ್ತು ಅಲ್ಲಿ ಹೇಗಿದೆ?" ಎಂದು ಕೇಳುವುದು ದಿನಚರಿಯಾಯಿತು. "ಇವತ್ತು ಅವಳ ದನಿ ಸ್ವಲ್ಪ ಬಿಸಿಯಾಗಿದೆ, ಬಿಸಿಲಿರಬೇಕು." ಮುದ್ರಿತ ದನಿ ಬಿಸಿಯಾಗುವುದಿಲ್ಲ, ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಮಾರುಕಟ್ಟೆಯಲ್ಲಿ ಯಾರೂ ಇರಲಿಲ್ಲ. ಆದರೂ ಹಾಗೆಯೇ ಹೇಳುತ್ತಿದ್ದರು.

ಬೀಗ ತೆರೆಯಲೆಂದು ಕರೆದವರು ಗಿರಾಕಿಗಳ ಜೊತೆಯೂ ಬಾಯಿ ತೆರೆದರು. ಒಮ್ಮೆ ಕಾಲೇಜು ಮೇಷ್ಟ್ರೊಬ್ಬರು ಬಂದು, ಎದುರಿನ ಅಂಗಡಿಗಿಂತ ಇಲ್ಲಿ ಇಷ್ಟು ಅಗ್ಗ ಹೇಗೆ ಎಂದು ಕೇಳಿದರು.

"ಸುಂಕ ಕಟ್ಟಿಲ್ಲ, ಅದಕ್ಕೇ ಅಗ್ಗ. ಕೆಟ್ರೆ ಕಂಪನಿಯವರು ಮುಖ ತಿರುಗಿಸ್ತಾರೆ. ಚಾರ್ಜರ್ ಪಿನ್ನು ನಮ್ಮ ಗೋಡೆಗೆ ಹೋಗಲ್ಲ. ಊರಾಚೆ ಸಿಗ್ನಲ್ ಸಿಕ್ರೆ ಸಿಕ್ತು. ಅವರ ಟವರಿನ ಅಲೆ ಬೇರೆ, ನಮ್ಮದು ಬೇರೆ. ಫೋಟೋ ತೆಗೆಯುವಾಗ ಟಕ್ ಅಂತ ಕೂಗುತ್ತೆ, ಬಾಯಿ ಮುಚ್ಚಿಸೋಕೆ ಆಗಲ್ಲ, ಅಲ್ಲಿನ ಕಾನೂನು ಹಾಗೆ. ನಾಳೆ ನಮ್ಮ ಸರ್ಕಾರ ಕತ್ತರಿ ಹಾಕಿದ್ರೆ ಇದು ಬರೀ ಕೈಗನ್ನಡಿ. ತಗೋಬೇಡಿ ಮೇಷ್ಟ್ರೇ."

"ಕ್ಯಾಮೆರಾ ಹೇಗಿದೆಯಮ್ಮ?"

"ಕ್ಯಾಮೆರಾ ಮಾತ್ರ ಚಿನ್ನ."

"ಪ್ಯಾಕ್ ಮಾಡಿ."

ಮೇಷ್ಟ್ರು ಹೊರಡುವಾಗ ಅತ್ತಿಗೆ ಮೆಟ್ಟಿಲವರೆಗೂ ಹೋಗಿ ಇನ್ನೊಂದು ಮಾತು ಸೇರಿಸಿದರು: "ಬ್ಯಾಂಕು ಅಂತ, ಸರ್ಕಾರ ಅಂತ, ಬಹುಮಾನ ಅಂತ ಮೆಸೇಜ್ ಬರುತ್ತೆ. ಒಂದನ್ನೂ ನಂಬಬೇಡಿ. ಒತ್ತಿದ್ರೋ, ಕೆಟ್ರಿ!" ಕೊಂಡವರಿಗೆಲ್ಲ ಈ ಕೊನೆಯ ಪಾಠ ಕಡ್ಡಾಯ. ಜನ ಮೊದಲಿನ ಎಚ್ಚರಿಕೆಗಳನ್ನೆಲ್ಲ ಗಾಳಿಗೆ ತೂರಿ, ಇದೊಂದನ್ನು ಮಾತ್ರ ಶಿಸ್ತಾಗಿ ಪಾಲಿಸಿದರು. ಆಗಬೇಕಾದ ಅನಾಹುತಕ್ಕೆ ಅಷ್ಟು ಸಾಕಾಗಿತ್ತು.

ಸುಂಕ ಕಟ್ಟದೆ ಬಂದ ಫೋನುಗಳಲ್ಲಿ, ಅತ್ತಿಗೆಯ ಸ್ವಂತ ಫೋನೂ ಸೇರಿದಂತೆ, ಒಂದು ದಿನ ಒಮ್ಮೆಲೇ ಸಂದೇಶವೊಂದು ಮೂಡಿತು: ಈ ಸಾಧನ ನೋಂದಣಿಯಾಗಿಲ್ಲ, ಗಡುವಿನೊಳಗೆ ಖುದ್ದಾಗಿ ಬಂದು ಸುಂಕ ಕಟ್ಟಿ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ, ಇಲ್ಲವಾದರೆ ಸಂಪರ್ಕ ಕಡಿತಗೊಳಿಸಲಾಗುವುದು. ಗಿರಾಕಿಗಳು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು ಫೋನು ಚಾಚಿದರು. ಅತ್ತಿಗೆ ಕನ್ನಡಕ ಏರಿಸಿ ಓದಿ ತೀರ್ಪು ಕೊಟ್ಟರು: "ಸುಳ್ಳು. ಗಡುವು ಅಂತ ಹೆದರಿಸ್ತಾರೆ ನೋಡಿ, ಅಲ್ಲೇ ಗೊತ್ತಾಗುತ್ತೆ. ಅಳಿಸಿಬಿಡಿ." ಬಂದವರೆಲ್ಲ ಅಳಿಸಿದರು, ಬರದವರಿಗೂ ಹೇಳಿ ಅಳಿಸುವಂತೆ ಮಾಡಿದರು.

ಬಿಲ್ ಮಾಮ ಓಣಿ ದಾಟಿ ಬಂದು ಪತ್ರಿಕೆಯನ್ನು ಗಾಜಿನ ಮೇಲೆ ಹರಡಿದ. "ಓದ್ಕೊಳ್ಳಮ್ಮ. ನಿಜವಾದ ಆದೇಶ. ಮೇಲಿನವರಿಗೆ ಅರ್ಜಿ ಬರೆದವರಲ್ಲಿ ನಾನೂ ಒಬ್ಬ. ಹೆಮ್ಮೆಯಿಂದ ಹೇಳ್ತೀನಿ."

"ನೀವು ಹೇಳಿದ್ರಿ ಅಂದ ಮೇಲೆ ಇನ್ನೂ ಅನುಮಾನ ಜಾಸ್ತಿಯಾಯ್ತು ಮಾಮ."

"ನಾಳೆ ನಿಮ್ಮ ಫೋನುಗಳು ಉಸಿರು ಬಿಟ್ಟ ಮೇಲೆ ನನ್ನ ಅಂಗಡಿಗೆ ಬನ್ನಿ. ಬಿಲ್ ಕೊಡ್ತೀನಿ."

ಅತ್ತಿಗೆ ನಕ್ಕರು, ಆದರೆ ಪತ್ರಿಕೆಯನ್ನು ಎಳೆದುಕೊಂಡು ಮತ್ತೊಮ್ಮೆ ಓದಿದರು. ಅನುಮಾನ ಅವರ ಸ್ವಭಾವವೇ ಆಗಿಹೋಗಿತ್ತು. ಈಗ ಅದು ತಿರುಗಿ ಅವರನ್ನೇ ಕೇಳಿತು: ಸುಳ್ಳು ಎಂದು ನಿನಗೆ ಹೇಗೆ ಗೊತ್ತು? ಪರೀಕ್ಷಿಸಿದೆಯಾ? ಯಾವುದನ್ನೂ ನಂಬದವರಿಗೂ ಒಂದು ಕುರುಡು ಜಾಗವಿರುತ್ತದೆ, ತಮ್ಮ ಅಪನಂಬಿಕೆಯನ್ನು ಮಾತ್ರ ಅವರು ಕಣ್ಣು ಮುಚ್ಚಿ ನಂಬುತ್ತಾರೆ. ಅತ್ತಿಗೆ ಚಪ್ಪಲಿ ಮೆಟ್ಟಿ ನೇರ ಅಂಚೆ ಕಚೇರಿಯ ಪಕ್ಕದ ಸಭಾಂಗಣಕ್ಕೆ ನಡೆದರು. ಅಲ್ಲಿ ನಿಜವಾದ ಮೇಜು, ನಿಜವಾದ ಮೊಹರು, ನೆಗಡಿ ಹಿಡಿದ ಒಬ್ಬ ನಿಜವಾದ ಸುಂಕದ ಅಧಿಕಾರಿ. ಸಾಲು ಮಾತ್ರ ಇರಲಿಲ್ಲ.

"ಜನ ಯಾಕೋ ಬರ್ತಾನೇ ಇಲ್ಲಮ್ಮ," ಎಂದ ಅಧಿಕಾರಿ ಮೂಗು ಒರೆಸಿಕೊಳ್ಳುತ್ತ. "ನಾಳೆ ಸಂಜೆಗೆ ಮುಗೀತು. ಆಮೇಲೆ ಯಾರು ಬಂದ್ರೂ ಏನೂ ಮಾಡೋಕಾಗಲ್ಲ. ಒಬ್ಬರ ಹೆಸರಿಗೆ ಒಂದೇ ಫೋನು. ಮಾರಿದವರು ತಾವಾಗಿ ಬಂದು ಸರಕು ಒಪ್ಪಿಸಿದ್ರೆ ದಂಡದಲ್ಲಿ ಮುಗಿಯುತ್ತೆ. ನಾವಾಗಿ ಹಿಡಿದ್ರೆ ಜೈಲು."

ಅತ್ತಿಗೆ ಮಾರುಕಟ್ಟೆಗೆ ಹೇಗೆ ಬಂದರೋ ಅವರಿಗೇ ನೆನಪಿರಲಿಲ್ಲ. ಕಣ್ಣ ಮುಂದೆ ಬಂದದ್ದು ಮುಖಗಳು: ತಾಯಿಯ ಔಷಧಿಯ ಹೊತ್ತಿಗೆ ಫೋನು ಕೂಗಬೇಕೆಂದು ಕೊಂಡ ಲಾರಿ ಚಾಲಕ, ಊರೂರು ತಿರುಗಿ ಬಟ್ಟೆ ಮಾರುವ ಅಕ್ಕತಂಗಿಯರು, ಮೇಷ್ಟ್ರು. ನಾಡಿದ್ದು ಬೆಳಗ್ಗೆ ಇವರೆಲ್ಲರ ಕೈಯಲ್ಲಿರುವುದು ಗಾಜಿನ ತುಂಡು. ಮೆಸೇಜು ಸುಳ್ಳು ಎಂದು ಅವರ ದಾರಿಗೆ ಬೀಗ ಹಾಕಿದ್ದು ತಾನು.

ಅಂಗಡಿಯಲ್ಲಿ ಮೈದುನ ಶಟರನ್ನು ಅರ್ಧ ಎಳೆದುಕೊಂಡು ಕುಳಿತಿದ್ದ. ಗಾಜಿನ ಪೆಟ್ಟಿಗೆ ಖಾಲಿ. ಮಾರದ ಫೋನುಗಳೆಲ್ಲ ಕಂದು ಸೂಟ್‌ಕೇಸಿನೊಳಗೆ. ಅತ್ತಿಗೆ ಸಭಾಂಗಣದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಅವನು ಆಶ್ಚರ್ಯಪಡಲಿಲ್ಲ.

"ನನಗೂ ನಿನ್ನೆ ಗೊತ್ತಾಯ್ತು ಅತ್ತಿಗೆ. ಒಬ್ಬನಿದ್ದಾನೆ. ಸುಂಕ ಕಟ್ಟಿದ ಬೇರೆ ಫೋನಿನ ಗುರುತಿನ ಸಂಖ್ಯೆ ತೆಗೆದು ಇವುಗಳಿಗೆ ಬರೆದುಕೊಡ್ತಾನೆ. ನಾಳೆ ಬಂದು ಒಯ್ತಾನೆ. ಸರ್ಕಾರದ ಕಣ್ಣಿಗೆ ಎಲ್ಲ ಸಾಚಾ."

"ಮತ್ತೆ ಆ ಬೇರೆ ಫೋನಿಟ್ಟುಕೊಂಡ ಪುಣ್ಯಾತ್ಮ? ನಾಳೆ ಯಾರೋ ಕಳ್ಳತನ ಮಾಡಿ ನಿನ್ನ ಫೋನಿಂದ ಮಾತಾಡಿದ್ರೆ, ಪೊಲೀಸರು ಅವನ ಮನೆ ಬಾಗಿಲು ಬಡೀತಾರೆ. ಗೊತ್ತಾ ನಿನಗೆ?"

"ನನಗೆ ಇನ್ನೇನು ದಾರಿ ಇದೆ ಹೇಳಿ."

"ಹೋಗಿ ಒಪ್ಪಿಸಿಬಿಡು. ಮಾರಿದ್ದನ್ನ ನೋಂದಾಯಿಸಿಕೊಳ್ಳಿ ಅಂತ ಗಿರಾಕಿಗಳನ್ನ ಕರೆದು ಹೇಳೋಣ."

"ಯಾರನ್ನ ಅಂತ ಕರೀತೀರಿ? ಹೆಸರಿದೆಯಾ, ನಂಬರಿದೆಯಾ?" ಅವನು ಖಾಲಿ ಕೈಗಳನ್ನು ಬಿಡಿಸಿ ತೋರಿಸಿದ. ಕಾಗದವಿಲ್ಲದ ಹೆಮ್ಮೆ ಆ ಎರಡು ಅಂಗೈಗಳಲ್ಲಿ ಬೋಳಾಗಿ ಕಾಣಿಸಿತು. "ಅಲ್ಲದೆ ನೀವು ಪ್ರತಿಯೊಬ್ಬರಿಗೂ ಬೇಡ ಬೇಡ ಅಂತ ಹೇಳಿದ್ದೀರಿ. ಕೇಳದೆ ತಗೊಂಡ್ರು. ನಮ್ಮ ಮೇಲೇನೂ ಇಲ್ಲ."

"ಹೇಳಿದ್ದು ನಿಜ. ಹೇಳಿಯೂ ಪ್ಯಾಕ್ ಮಾಡಿಕೊಟ್ಟಿದ್ದು ಈ ಕೈಯೇ. ಬಾಯಿ ಬೇಡ ಅಂದ್ರೆ ಕೈ ಮಾಡಿದ್ದಕ್ಕೆ ಮಾಫಿನಾ?"

ಮೈದುನ ಮುಖ ತಿರುಗಿಸಿಕೊಂಡ. ಅತ್ತಿಗೆ ಅರ್ಧ ಎಳೆದ ಶಟರಿನಡಿ ಬಗ್ಗಿ ಹೊರಟುಹೋದರು.

ಮರುದಿನ ಬೆಳಗಾಗುತ್ತಲೇ ಅವರು ಬಸ್ ನಿಲ್ದಾಣದಲ್ಲಿದ್ದರು. ಧ್ವನಿವರ್ಧಕದಲ್ಲಿ ಅವರದೇ ಮುದ್ರಿತ ದನಿ ಊರುಗಳ ಹೆಸರನ್ನು ಏಕತಾಳದಲ್ಲಿ ಎಣಿಸುತ್ತಿತ್ತು. ಆ ದನಿಯ ಕೆಳಗೇ ನಡೆದು ಅವರು ಮೇಲ್ವಿಚಾರಕನ ಕೋಣೆಗೆ ನುಗ್ಗಿದರು. ಹಳೆಯ ಸಹೋದ್ಯೋಗಿ, ಎದ್ದು ಕುರ್ಚಿ ಕೊಟ್ಟ, ವಿಷಯ ಕೇಳಿ ಮತ್ತೆ ಕುಳಿತ.

"ಖಾಸಗಿ ಪ್ರಕಟಣೆಗೆ ಅವಕಾಶ ಇಲ್ಲಮ್ಮ. ನಿಮಗೇ ಗೊತ್ತು ನಿಯಮ."

"ಕಳೆದುಹೋದ ವಸ್ತುಗಳ ಪ್ರಕಟಣೆಗೆ ಇದೆ ತಾನೇ?"

"ಇದೆ. ಆದರೆ ಏನು ಕಳೆದುಹೋಗಿದೆ?"

"ಇನ್ನೂ ಹೋಗಿಲ್ಲ. ಇವತ್ತು ಸಂಜೆ ಹೋಗುತ್ತೆ. ಹೋದ ಮೇಲೆ ಕೂಗೋದಕ್ಕಿಂತ ಮೊದಲೇ ಕೂಗಿದ್ರೆ ನಿಯಮಕ್ಕೇನು ನೋವು?"

ಮೇಲ್ವಿಚಾರಕ ನಿಯಮಾವಳಿಯನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಕಳೆದುಹೋಗಲಿರುವ ವಸ್ತುವಿನ ಬಗ್ಗೆ ಅದು ಮೌನವಾಗಿತ್ತು. ಎದ್ದು, ಗೋಡೆಯ ಮೇಲಿನ ಗುಂಡಿಯೊತ್ತಿ, ಮುದ್ರಿತ ಅತ್ತಿಗೆಯ ಬಾಯಿ ಮುಚ್ಚಿಸಿದ. ಧೂಳು ಹಿಡಿದ ಮೈಕನ್ನು ಸೆರಗಿನಿಂದ ಒರೆಸಿ ಜೀವಂತ ಅತ್ತಿಗೆ ಬಾಯಿ ತೆರೆದರು.

"ಪ್ರಯಾಣಿಕರ ಗಮನಕ್ಕೆ. ಇದು ಬಸ್ಸಿನ ವಿಷಯವಲ್ಲ, ಆದರೂ ನಿಂತು ಕೇಳಿ. ಹಳೇ ಮಾರುಕಟ್ಟೆಯ ಮೇಲಂತಸ್ತಿನಲ್ಲಿ ಬಿಲ್ಲಿಲ್ಲದೆ ಫೋನು ತಗೊಂಡವರೇ, ನಿಮಗೆ ಬಂದ ಸರ್ಕಾರದ ಮೆಸೇಜು ನಿಜ. ಸುಳ್ಳು ಅಂತ ಹೇಳಿದವಳು ನಾನು. ನಾನು ತಪ್ಪು ಹೇಳಿದೆ. ಇವತ್ತು ಸಂಜೆಯೊಳಗೆ ಅಂಚೆ ಕಚೇರಿ ಪಕ್ಕದ ಸಭಾಂಗಣಕ್ಕೆ ಫೋನು, ಗುರುತಿನ ಚೀಟಿ ಹಿಡಿದು ಬನ್ನಿ. ಬರದಿದ್ರೆ ನಾಳೆ ನಿಮ್ಮ ಫೋನು ಸತ್ತಿರುತ್ತೆ. ಇದು ಮುದ್ರಿತ ದನಿಯಲ್ಲ. ನಾನೇ, ಖುದ್ದು ನಾನೇ ಮಾತಾಡ್ತಿದ್ದೀನಿ."

ಕೊನೆಯ ಮಾತಿಗೆ ಅವರು ಕೆಮ್ಮಿದರು. ಆ ಕೆಮ್ಮೇ ಸಾಕ್ಷಿಯಾಯಿತು, ಯಂತ್ರ ಕೆಮ್ಮುವುದಿಲ್ಲವಲ್ಲ.

ಆಮೇಲೆ ನಡೆದದ್ದನ್ನು ನೋಡಿದವರು ಈಗಲೂ ಕೈ ಬೀಸಿ ಬೀಸಿ ಹೇಳುತ್ತಾರೆ. ಹೊರಟು ನಿಂತ ಬಸ್ಸಿನ ಕಿಟಕಿಯಿಂದ ತಲೆಯೊಂದು ಹೊರಬಂತು: "ನಿಲ್ಸಿ ನಿಲ್ಸಿ! ನಂದೂ ಅದೇ ಫೋನು!" ಹಿಂದಿನ ಸೀಟಿನಿಂದ ಇನ್ನೊಂದು ಕೂಗು. ಕಂಡಕ್ಟರೊಬ್ಬ ಜೇಬಿನಿಂದ ತನ್ನದನ್ನೂ ತೆಗೆದು ನೋಡಿ ಹಣೆ ಚಚ್ಚಿಕೊಂಡ. ಅತ್ತಿಗೆ ಕೋಣೆಯಿಂದ ಹೊರಬಂದಾಗ ಚಾಲಕರೂ ಕಂಡಕ್ಟರುಗಳೂ ಮುತ್ತಿಕೊಂಡರು.

"ಅತ್ತಿಗೆ, ಯಾವ ಪ್ಲಾಟ್‌ಫಾರಂ?"

"ಒಂದೇ ಪ್ಲಾಟ್‌ಫಾರಂ, ಎಲ್ಲರೂ ಅಲ್ಲಿಗೇ! ನೀವು ಹೋಗೋ ಊರುಗಳಲ್ಲೆಲ್ಲ ಇಳಿದು ಹೇಳಿ. ನಿಲ್ಲೋ ಕಡೆ ಎಲ್ಲ ಕೂಗಿ. ನಿಮ್ಮ ಗಂಟಲಿಗೇನು ಬಾಡಿಗೆ ಕೊಡಬೇಕಾ?"

ಬಸ್ಸುಗಳು ಸುದ್ದಿ ಹೊತ್ತು ಎಲ್ಲ ದಿಕ್ಕಿಗೆ ಹೊರಟವು. ಮಧ್ಯಾಹ್ನಕ್ಕೆ ಗಿರಾಕಿಗಳನ್ನು ತುಂಬಿಕೊಂಡು ಮರಳಿ ಬಂದವು. ಎಷ್ಟು ಜನ ಬಂದರೆಂಬುದಕ್ಕೆ ಲೆಕ್ಕವಿಲ್ಲ. ಹೇಳುವವರು ಹೇಳಿದಷ್ಟೂ ಹೆಚ್ಚುತ್ತಲೇ ಹೋಗುವುದರಿಂದ ಅವರ ಮಾತನ್ನು ಪೂರ್ತಿ ನಂಬುವಂತಿಲ್ಲ. ಆದರೆ ಸಭಾಂಗಣದಿಂದ ಹೊರಟ ಸಾಲು ಅಂಚೆ ಪೆಟ್ಟಿಗೆ ದಾಟಿ, ಔಷಧಿ ಅಂಗಡಿ ದಾಟಿ, ಬೀದಿಯ ತಿರುವಿನಲ್ಲಿ ಮರೆಯಾಗಿತ್ತೆಂಬುದನ್ನು ಬಿಲ್ ಮಾಮನೇ ಒಪ್ಪಿದ್ದಾನೆ. ಅವನು ಬೆಳಗಿನಿಂದಲೂ ಸಭಾಂಗಣದ ಬಾಗಿಲಲ್ಲೇ ಎದೆ ಮುಂದೆ ಮಾಡಿ ನಿಂತಿದ್ದ. ಒಳಗೆ ಹೋಗುವ ಪ್ರತಿಯೊಂದು ಮುಖವನ್ನೂ ದಿಟ್ಟಿಸಿ, "ಓಹೋ, ನೀವೂನಾ? ಓಹೋ, ನೀವೂ!" ಎನ್ನುತ್ತಿದ್ದ.

ಅತ್ತಿಗೆ ಸಾಲಿನುದ್ದಕ್ಕೂ ಓಡಾಡಿದರು. ಲಾರಿ ಚಾಲಕ ಬಂದಿದ್ದ, ಬಟ್ಟೆ ಮಾರುವ ಅಕ್ಕತಂಗಿಯರು ಬಂದಿದ್ದರು. ಮೇಷ್ಟ್ರು ಸಿಡುಕಿದರು: "ಏನಮ್ಮ, ನಂಬಬೇಡಿ ಅಂತೀರಿ, ಆಮೇಲೆ ನಂಬಿ ಅಂತೀರಿ!"

"ತಗೋಬೇಡಿ ಅಂದಾಗ ತಗೊಂಡ್ರಿ, ಸುಳ್ಳು ಅಂದಾಗ ಮಾತ್ರ ಒಳ್ಳೇ ಮಗುವಿನ ಹಾಗೆ ಕೇಳಿದ್ರಲ್ಲ ಮೇಷ್ಟ್ರೇ!"

ಸಾಲೇ ನಕ್ಕಿತು. ಮೇಷ್ಟ್ರೂ ನಕ್ಕರು. ಆದರೆ ಅತ್ತಿಗೆಯ ಕಣ್ಣು ನಡುನಡುವೆ ಮಾರುಕಟ್ಟೆಯ ಕಡೆಗೆ ಹೋಗುತ್ತಿತ್ತು. ಮೈಕಿನಲ್ಲಿ ಅಂಗಡಿಯ ಗುರುತು ಹೇಳಿಯಾಗಿತ್ತು. ಇನ್ನು ಮೈದುನನಿಗೆ ಇದ್ದದ್ದು ಎರಡೇ ದಾರಿ: ತಾನಾಗಿ ಬರುವುದು, ಇಲ್ಲವೇ ಅಧಿಕಾರಿಗಳ ಕೈಗೆ ಸಿಕ್ಕಿಬೀಳುವುದು. ಗಿರಾಕಿಗಳನ್ನು ಉಳಿಸುವ ಭರದಲ್ಲಿ ತಾನೇ ಎತ್ತಿ ಬೆಳೆಸಿದ ಹುಡುಗನನ್ನು ಜೈಲಿಗೆ ತಳ್ಳಿದೆನೇ? ಹೀಗೆ ಕೇಳಿಕೊಳ್ಳುತ್ತಲೇ ಅವರು ಸಾಲನ್ನು ನಗಿಸುತ್ತಿದ್ದರು.

ಹೊತ್ತು ಇಳಿಯುತ್ತಿದ್ದಂತೆ ಸಾಲಿನ ಬಾಲದಲ್ಲಿ ಗುಸುಗುಸು ಎದ್ದು ಅಲೆಯಾ‌ಗಿ ಮುಂದೆ ಬಂತು. ಜನ ಪಕ್ಕಕ್ಕೆ ಸರಿದರು. ನಡುವೆ ಮೈದುನ, ಬೆವರಿ ತೊಪ್ಪೆಯಾಗಿ, ಕಂದು ಸೂಟ್‌ಕೇಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು. ಯಾರೂ ಕೇಳದಿದ್ದರೂ, "ಸಾಲಲ್ಲೇ ಬರ್ತೀನಿ, ಸಾಲಲ್ಲೇ," ಎಂದು ಗೊಣಗುತ್ತಿದ್ದ. ಜನ ಅವನನ್ನು ಸಾಲಿನಲ್ಲಿ ನಿಲ್ಲಲು ಬಿಡಲಿಲ್ಲ; ತಳ್ಳಿ ತಳ್ಳಿ ಮೇಜಿನ ಮುಂದೆ ತಂದರು. ಸೂಟ್‌ಕೇಸ್ ತೆರೆದಾಗ ಅಧಿಕಾರಿ ಸೀನುವುದನ್ನೇ ಮರೆತ.

"ಇಷ್ಟನ್ನೂ ನೀವಾಗೇ ತಂದ್ರಾ?"

"ನಂಬರ್ ತಿದ್ದೋನು ಬೆಳಗ್ಗೆಯೇ ಇವುಗಳನ್ನ ಒಯ್ಯೋಕೆ ಬಂದು ಕೂತಿದ್ದ ಸಾರ್. ಅಷ್ಟರಲ್ಲಿ ನಿಲ್ದಾಣದಿಂದ ಈ ದನಿ ಕೇಳಿಸ್ತು, ಅವನನ್ನ ಸಾಗಹಾಕಿದೆ. ಇಲ್ಲಿಗೆ ಬರೋ ಧೈರ್ಯ ಬರೋಕೆ ಇಷ್ಟು ಹೊತ್ತಾಯ್ತು. ಅತ್ತಿಗೆ ಮೈಕಲ್ಲಿ ತಪ್ಪು ನಂದು ಅಂದ್ರು. ತಪ್ಪು ಅವರದ್ದಲ್ಲ." ಅವನು ಮೂಗು ಒರೆಸಿಕೊಂಡ. "ಬರೆದ್ಕೊಳ್ಳಿ, ನಂದು."

ಅತ್ತಿಗೆ ಏನೋ ಹೇಳಲು ಹೋದರು. ದನಿ ಹೊರಡಲಿಲ್ಲ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು, ಅಷ್ಟೇ. ದರ್ಜಿ ಹೇಳುವಂತೆ, ಆ ಹೆಂಗಸು ಮಾತಿಲ್ಲದೆ ತನ್ನ ಮನಸ್ಸನ್ನು ತಿಳಿಸಿದ್ದು ಅದೊಂದೇ ಸಲ.

ಸೂಟ್‌ಕೇಸು ಸರ್ಕಾರಕ್ಕೆ ಹೋಯಿತು. ದಂಡ ಬಿತ್ತು, ಜೈಲು ತಪ್ಪಿತು. ಬಾಗಿಲು ಮುಚ್ಚುವ ಹೊತ್ತಿಗೆ ಸಭಾಂಗಣ ಬರಿದಾಗಿತ್ತು. ಬಿಲ್ ಮಾಮ ಬಾಗಿಲು ಬಿಟ್ಟು ಕದಲದೆ, ಕೊನೆಯವರೆಗೂ ನೋಡಿಯೇ ಹೋಗುತ್ತೇನೆಂದು ನಿಂತಿದ್ದ. ಎಲ್ಲರದೂ ಮುಗಿದ ಮೇಲೆ ಅತ್ತಿಗೆ ತಾವೇ ಕೊನೆಯವರಾಗಿ ಮೇಜಿನ ಮುಂದೆ ನಿಂತು ಗುರುತಿನ ಚೀಟಿ ಕೊಟ್ಟು, ಫೋನೊಂದನ್ನು ಮುಂದಿಟ್ಟರು. ಮೊಹರು ಬಿತ್ತು. "ಓಹೋ, ನೀವೂನಾ!" ಎಂದ ಬಿಲ್ ಮಾಮ, ದಿನದ ಕೊನೆಯ ಸಲ.

ಮುಂದೆ ಮೈದುನ ಅದೇ ಅಂಗಡಿಯಲ್ಲಿ ಫೋನು ರಿಪೇರಿಗೆ ಕುಳಿತ. ಸಣ್ಣ ತಿರುಪು ಬದಲಿಸಿದರೂ ಬಿಲ್ಲು ಬರೆಯುತ್ತಿದ್ದ. ಬೀಗ ತೆರೆಯುವ ಕೆಲಸ ನಿಂತಿತು. ಅತ್ತಿಗೆ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು, ಬಂದವರಿಗೆ ಫೋನಿನ ಕವಚಗಳನ್ನು ಬೇಡವೆಂದು ಹೇಳುತ್ತಲೇ ಮಾರಿದರು. ಅವರ ಕೈಯಲ್ಲಿ ಆಗ ಕಾಣಿಸಿದ್ದು ಗುಂಡಿಗಳಿರುವ ಒಂದು ಹಳೇ ಕಾಲದ ಸಣ್ಣ ಫೋನು. ಅದರಲ್ಲಿ ಫೋಟೋ ಇಲ್ಲ, ಏನೂ ಇಲ್ಲ. "ಬೆರಳಿಗೆ ಏನಾದ್ರೂ ಸಿಗಬೇಕಪ್ಪ. ಆ ಗಾಜು ಉಜ್ಜಿ ಉಜ್ಜಿ ಸಾಕಾಯ್ತು" ಎನ್ನುತ್ತಿದ್ದರು. ಯಂತ್ರಗಳನ್ನು ನಂಬದವರ ಹಟ ಎಂದುಕೊಂಡು ಎಲ್ಲರೂ ಸುಮ್ಮನಾದರು. ವರ್ಷಗಳ ನಂತರ, ಮಾತಿನ ನಡುವೆಯೇ ಎಂಬಂತೆ, ಸಣ್ಣ ಕಾಯಿಲೆಯೊಂದರಲ್ಲಿ ಅವರು ತೀರಿಕೊಂಡರು. ನಿಲ್ದಾಣದಲ್ಲಿ ಅವರ ದನಿ ಅಂದೂ ಊರುಗಳ ಹೆಸರನ್ನು ಹೇಳುತ್ತಲೇ ಇತ್ತು, ಯಾರೂ ನಿಲ್ಲಿಸಲಿಲ್ಲ.

ಕೆಲವು ವಾರಗಳಾದ ಮೇಲೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಎದುರಂಗಡಿಯಿಂದ ಬಿಲ್ ಮಾಮನ ಜೋರು ದನಿ ಕೇಳಿಸಿತು. ಹಿಂದೆಯೇ ಅವನ ಹೆಂಡತಿ, ಮೊದಲ ಬಾರಿಗೆ ಗಂಡನ ಕಣ್ಣೆದುರೇ, ಓಣಿ ದಾಟಿ ನೇರ ಮೈದುನನ ಅಂಗಡಿಗೆ ಬಂದಳು. ಅವಳ ಅಣ್ಣ ಕೊಟ್ಟದ್ದೆಂದು ಗಂಡ ಇಷ್ಟು ವರ್ಷ ನಂಬಿದ್ದ ಫೋನನ್ನು ಗಾಜಿನ ಮೇಲಿಟ್ಟಳು. ಪರದೆಯ ಮೇಲೆ ಇಲಾಖೆಯ ಸಂದೇಶವಿತ್ತು: ಈ ಸಾಧನದ ನೋಂದಾಯಿತ ಮಾಲೀಕರು ನಿಧನರಾಗಿರುವುದರಿಂದ, ಬಳಸುತ್ತಿರುವವರು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳತಕ್ಕದ್ದು.

"ಇವರು ಬಾಗಿಲಲ್ಲೇ ಕಾವಲು ನಿಂತಿದ್ರಲ್ಲ ಆವತ್ತು," ಎಂದಳು ಆಕೆ. "ನಾನು ಸಾಲಲ್ಲಿ ಹೇಗೆ ನಿಲ್ಲಲಿ? ಮಾರುಕಟ್ಟೆ ಮೆಟ್ಟಿಲ ಹತ್ರ ಅತ್ತಿಗೆ ಕೈಗೆ ಕೊಟ್ಟೆ. ಒಬ್ಬರಿಗೆ ಒಂದೇ ಅಂತ ನಿಯಮ ಇದ್ದಿದ್ದು ನನಗೆ ಗೊತ್ತಿರಲಿಲ್ಲ."

ಅತ್ತಿಗೆ ಆ ಸಂಜೆ ತಮ್ಮ ಹೆಸರಿಗೆ ಬರೆಸಿದ್ದು ತಮ್ಮ ಫೋನನ್ನಲ್ಲ, ಅವಳ ಫೋನನ್ನು.